ಡಿಎಫ್‌ಡಿನಾ, ಯುಎಂಎಲ್ಲಾ? ಮೊದಲು ಮನೆಯ ಪಹಣಿ ತೆಗೀರಿ

ಎಂಸಿಎ ಮುಗಿಸಿದವರು, ಕೋಡಿಂಗ್ ಸಾಕಾಗಿ ಬಿಸಿನೆಸ್ ಅನಾಲಿಸ್ಟ್ ಆಗಲು ಹೊರಟವರು ಎಲ್ಲರೂ ಕೇಳುವುದು ಇದನ್ನೇ: "ಸರ್, ಸಿಸ್ಟಮ್ ಅನಾಲಿಸಿಸ್ ಎಲ್ಲಿಂದ ಶುರು ಮಾಡ್ಲಿ? ಡಿಎಫ್‌ಡಿನಾ, ಯುಎಂಎಲ್ಲಾ, ನೇರವಾಗಿ ಅಜೈಲಾ?" ತಂತ್ರಾಂಶ ಬರೆಯುವ ಮೊದಲು ಕೆಲಸ ಹೇಗೆ ನಡೆಯುತ್ತದೆ ಎಂದು ಅರಿಯುವುದೇ ಸಿಸ್ಟಮ್ ಅನಾಲಿಸಿಸ್. ಡಿಎಫ್‌ಡಿ ಮಾಹಿತಿ ಹರಿಯುವ ದಾರಿಯ ಚಿತ್ರ, ಯುಎಂಎಲ್ ತಂತ್ರಾಂಶದ ವಿನ್ಯಾಸ ತೋರಿಸುವ ಚಿತ್ರಗಳ ಕಟ್ಟು.

"ನಿಮ್ಮ ಮನೇಲಿ ಪಹಣಿ ಇದೆಯಾ?" ಅಂತ ನಾನು ತಿರುಗಿ ಕೇಳುತ್ತೇನೆ.

ಇದ್ದರೆ ಅದನ್ನು ಮುಂದಿಟ್ಟುಕೊಂಡು ಇಆರ್ ಚಿತ್ರ ಬರೆಯಿರಿ, ಅಂದರೆ ಯಾವ ಯಾವ ಸಂಗತಿಗಳಿವೆ, ಅವುಗಳ ನಡುವೆ ಏನು ಸಂಬಂಧ ಎಂದು ತೋರಿಸುವ ಚಿತ್ರ. ಕಂಪ್ಯೂಟರ್ ವಿಜ್ಞಾನಿ ಪೀಟರ್ ಚೆನ್ 1976ರಲ್ಲಿ ಕೊಟ್ಟ ಪದ್ಧತಿ, ಇವತ್ತಿಗೂ ಹಳತಾಗಿಲ್ಲ. ಬಹುತೇಕರು ಜಮೀನಿಗೊಂದು ಪೆಟ್ಟಿಗೆ, ಮಾಲೀಕರಿಗೊಂದು ಪೆಟ್ಟಿಗೆ, ನಡುವೆ ಒಂದು ಗೆರೆ ಎಳೆದು ಮುಗಿಯಿತು ಅನ್ನುತ್ತಾರೆ. ಆದರೆ ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ಅಣ್ಣತಮ್ಮಂದಿರು ಮೂವರ ಹೆಸರಿರಬಹುದು. ಅವರಲ್ಲೊಬ್ಬನಿಗೆ ಬೇರೆ ಸರ್ವೆ ನಂಬರಿನಲ್ಲೂ ಪಾಲಿರಬಹುದು. ಹಾಗಾದರೆ ಪಾಲಿನ ವಿಸ್ತೀರ್ಣವನ್ನು ಯಾವ ಪೆಟ್ಟಿಗೆಯಲ್ಲಿ ಇಡುತ್ತೀರಿ? ಎರಡರಲ್ಲೂ ಅಲ್ಲ. ಅದು ಗೆರೆಗೆ, ಅಂದರೆ ಮಾಲೀಕನಿಗೂ ಜಮೀನಿಗೂ ಇರುವ ಸಂಬಂಧಕ್ಕೆ ಸೇರಿದ್ದು. ಇದು ಹೊಳೆಯುವ ಹೊತ್ತಿಗೆ ಅರ್ಧ ಪಾಠ ಆಗಿರುತ್ತದೆ.

ಆ ವಿಸ್ತೀರ್ಣದಲ್ಲೂ ಒಂದು ಗುಂಡಿ ಇದೆ. 1.30 ಅಂದರೆ ಒಂದು ಎಕರೆ ಮೂವತ್ತು ಗುಂಟೆ. ಇದಕ್ಕೆ 1.20 ಕೂಡಿಸಿದರೆ ಕಂಪ್ಯೂಟರ್ 2.50 ಅನ್ನುತ್ತದೆ. ಎಕರೆಗೆ 40 ಗುಂಟೆ ಎಂದು ಗೊತ್ತಿರುವ ಯಾವ ರೈತನಾದರೂ 3.10 ಅನ್ನುತ್ತಾನೆ. ಚುಕ್ಕೆ ಕಂಡ ಕೂಡಲೇ ಡೆಸಿಮಲ್ ಫೀಲ್ಡ್ ಅಂತ ಬರೆದುಬಿಟ್ಟಿರೋ, ಜಮೀನೇ ಕರಗಿಹೋಗುತ್ತದೆ!

ಆಮೇಲೆ ಡಿಎಫ್‌ಡಿ. ಖಾತೆ ಬದಲಾವಣೆಯ ಒಂದು ಅರ್ಜಿಯ ಬೆನ್ನು ಹತ್ತಿ: ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಆಕ್ಷೇಪಣೆಗೆ ಕೊಟ್ಟ ಗಡುವು ಎಲ್ಲಿ ಕೂರುತ್ತದೆ? ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂದದ್ದಷ್ಟೇ ದೊಡ್ಡ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ಮೊದಲು ಬಂದ ಅರ್ಜಿಯೇ ಮೊದಲು ವಿಲೇವಾರಿ ಆಗಬೇಕು ಎಂದು ಸರದಿಯನ್ನೇ ತಂತ್ರಾಂಶದೊಳಗೆ ಕಟ್ಟಿದರಲ್ಲ, ಅದು ಡಿಸೈನ್. ಬೇಕಾದವರ ಅರ್ಜಿ ಮುಂದೆ, ಬೇಡದವರದ್ದು ಕಡತದ ಅಡಿಗೆ ಎಂಬ ಹಳೆಯ ಆಟ ಎಲ್ಲಿ ನಡೆಯುತ್ತಿತ್ತು ಎಂದು ಪತ್ತೆ ಹಚ್ಚದೆ ಇದು ಹೊಳೆಯುವಂಥದ್ದಲ್ಲ.

ಯುಎಂಎಲ್ 1997ರಲ್ಲಿ ಮಾನಕವಾಯಿತು. ಅದರ ಹತ್ತಾರು ಚಿತ್ರಗಳಲ್ಲಿ ಯೂಸ್ ಕೇಸ್ (ಯಾರು ಏನು ಮಾಡುತ್ತಾರೆ), ಕ್ಲಾಸ್ (ಏನೇನಿದೆ), ಸೀಕ್ವೆನ್ಸ್ (ಯಾವುದರ ನಂತರ ಯಾವುದು) ಬಂದರೆ ಸದ್ಯಕ್ಕೆ ಸಾಕು. ಅಜೈಲ್ ಕೆಲಸವನ್ನು ಸಣ್ಣ ಸಣ್ಣ ಕಂತುಗಳಾಗಿ ಹಂಚಿಕೊಂಡು ಮಾಡುವ ಕ್ರಮ. ಪಾಲಿನ ವಿಸ್ತೀರ್ಣ ಎಲ್ಲಿಡಬೇಕೆಂದು ಅದು ಹೇಳಿಕೊಡುವುದಿಲ್ಲ.

ಚಿತ್ರ ಮುಗಿದ ಮೇಲೆ ನಮ್ಮಂಥವರಿಗೆ ತೋರಿಸಬೇಡಿ, ಅಪ್ಪನಿಗೆ ತೋರಿಸಿ. "ಎಲ್ಲಾ ಸರಿ ಕಣೋ, ತಾತ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡ್ಸಿದ್ವಲ್ಲ, ಅದೆಲ್ಲಿದೆ ಇದ್ರಲ್ಲಿ?" ಅಂದರೆ ರಬ್ಬರ್ ಹುಡುಕಿ.