ನಮ್ಮದೇ ಟ್ರಂಪ್ ಕಾರ್ಡ್: 36ರಲ್ಲಿ 23 ಆಯ್ತು

ಟಿವೀಲಿ ಬರೋ ಡಬ್ಲ್ಯೂಡಬ್ಲ್ಯೂಇ ಕುಸ್ತಿಯೋರ ಟ್ರಂಪ್ ಕಾರ್ಡನ್ನ ಮನೇಲೇ ಮಾಡ್ತಿದೀನಿ. ಹೋದ ತಿಂಗಳು ಇದರ ಬಗ್ಗೆ ಬರೆದಾಗ ಒಂದೇ ಶೀಟ್ ಆಗಿತ್ತು, 9 ಕಾರ್ಡು. ಈಗ 23ಕ್ಕೆ ಬಂದಿದೀನಿ. 300 ಜಿಎಸ್ಎಂ ದಪ್ಪ ಬೋರ್ಡಲ್ಲಿ ಒಂದು ಎ4ಗೆ 63 ಇಂಟು 88 ಮಿಲಿಮೀಟರ್ ಕಾರ್ಡು ಕರೆಕ್ಟಾಗಿ 9 ಕೂರುತ್ತೆ, ಹಂಗಾಗಿ ನಾಲ್ಕು ಶೀಟು 36 ಕಾರ್ಡು ಅಂತ ಮೊದಲೇ ಫಿಕ್ಸ್ ಮಾಡ್ಕೊಂಡಿದ್ದೆ, ನಾಲ್ಕು ಜನ ಆಡಕ್ಕೆ ಕೂತ್ರೆ ತಲೆಗೆ 9 ಬರುತ್ತೆ. ಚಿತ್ರ ಎಲ್ಲಾ ಕೈಯಲ್ಲೇ, ಮೊದಲು ಪೆನ್ಸಿಲ್ಲು, ಆಮೇಲೆ ಕಪ್ಪು ಜೆಲ್ ಪೆನ್ನು, ಕೊನೆಗೆ ಸ್ಕೆಚ್ ಪೆನ್ನಲ್ಲಿ ಬಣ್ಣ. ಸ್ಕ್ಯಾನ್ ಮಾಡಿ ಮೊಬೈಲಲ್ಲೇ ಕನ್ನಡ ಅಕ್ಷರ ಕೂರಿಸ್ತೀನಿ.

ಇದನ್ನ ಯಾಕೆ ಶುರು ಮಾಡ್ದೆ ಅಂತ ಇನ್ನೊಂದ್ಸಲ ಹೇಳ್ಬಿಡ್ತೀನಿ. ನಾವು ಸ್ಕೂಲಲ್ಲಿ ಆಡ್ತಿದ್ದ ಕುಸ್ತಿ ಕಾರ್ಡಲ್ಲಿ ಏನಿರ್ತಿತ್ತು, ರ್‍ಯಾಂಕು, ಹೈಟು, ವೇಟು, ಚೆಸ್ಟು, ಬೈಸೆಪ್ಸು, ಆಡಿದ ಫೈಟು, ಗೆದ್ದ ಫೈಟು. ಒಂದು ಹೆಡಿಂಗ್ ಕೂಗೋದು, ಯಾರದು ಮೇಲೋ ಅವರಿಗೆ ಎದುರಿನೋರ ಕಾರ್ಡು. ಕೈಗೆ ದೈತ್ಯ ಬಿಗ್ ಶೋ ಬಂದ್ರೆ ವೇಟ್ ಅಂತ ಕೂಗೋದು, 500 ಪೌಂಡು, ಎದುರಿಗಿರೋನು ಉಸಿರೆತ್ತಂಗಿಲ್ಲ, ಕಾರ್ಡು ಕೊಟ್ಬಿಡ್ಬೇಕು. ರೇ ಮಿಸ್ಟೀರಿಯೋ ಬಂದ್ರೆ ಹೊಟ್ಟೆ ಉರಿಯೋದು, 5 ಅಡಿ 6 ಇಂಚು, ಏನು ಕರೆದ್ರೂ ಸೋಲೇ. ಅದೇ ರೇ 2006ರ ರಾಯಲ್ ರಂಬಲ್‌ಗೆ, ಒಬ್ಬೊಬ್ಬರಾಗಿ ರಿಂಗಿಗೆ ಬರೋ ಮ್ಯಾಚದು, 2ನೇ ನಂಬರಲ್ಲಿ ಒಳಗೆ ಬಂದು ಒಂದು ಗಂಟೆ ಮೇಲೆ ನಿಂತು 30 ಜನದಲ್ಲಿ ಕೊನೇವರ್ಗೂ ಉಳಿದೋನು. ಅಂಥೋನು ಕಾರ್ಡಲ್ಲಿ ಪ್ರತಿ ಸಲ ಸೋಲ್ತಾನೆ ಅಂದ್ರೆ ತಪ್ಪು ಕಾರ್ಡಿಂದೇ ಅಂತ ನಂಗೆ ಅವತ್ತಿಂದ್ಲೂ ಮನಸಲ್ಲಿತ್ತು. ಈಗ ಅಕ್ಕನ ಮಗಂಗೆ 11 ವರ್ಷ, ಅವನಿಗೂ ಹುಚ್ಚು ಹಿಡಿದಿದೆ, ಅವನ ಕೈಗೆ ಸರಿಯಾದ ಕಾರ್ಡು ಸಿಗ್ಲಿ ಅಂತ.

ನಮ್ಮ ಕಾರ್ಡಲ್ಲಿ ಐದು ಹೆಡಿಂಗು. ಎಂಟ್ರಿ, ಮೈಕು (ಮೈಕ್ ಹಿಡಿದು ಮಾತಾಡೋದು), ಹೊಡೆಯೋದು, ಬೀಳೋದು (ಪೆಟ್ಟು ಬಿದ್ದಂಗೆ ತೋರಿಸೋದು), ಕಥೆ. ಒಂದೊಂದಕ್ಕೆ 20 ಮಾರ್ಕ್ಸ್. ಒಬ್ಬೊಬ್ಬರದೂ ಕಮ್ಮಿ ಅಂದ್ರೆ ಎರಡು ಮ್ಯಾಚು ಪೂರ್ತಿ ನೋಡದೆ ಮಾರ್ಕ್ಸ್ ಹಾಕಂಗಿಲ್ಲ, ನೆನಪಲ್ಲಿ ಹಾಕಂಗಿಲ್ಲ. ಟೈ ಆದ್ರೆ ಬೀಳೋದರಲ್ಲಿ ಯಾರಿಗೆ ಜಾಸ್ತಿ ಇದ್ಯೋ ಅವರು ಗೆದ್ದಂಗೆ. ಈ ಕೊನೇ ರೂಲು ಎಲ್ಲಿಂದ ಬಂತು ಅಂತ ಕೆಳಗೆ ಇದೆ.

ಕಾರ್ಡ್ 10 ಮತ್ತು 11, ಬ್ರೆಟ್ ಹಾರ್ಟ್, ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್

ಒಂದೇ ಮ್ಯಾಚಿಗೆ ಎರಡು ಕಾರ್ಡು ಬರೆದೆ. 1997ರ ಮಾರ್ಚ್ 23, ರೆಸಲ್‌ಮೇನಿಯಾ 13 (ವರ್ಷಕ್ಕೊಂದು ಸಲ ಬರೋ ಅತಿ ದೊಡ್ಡ ಶೋ), ಎದುರಾಳಿ ಬಾಯಲ್ಲಿ ಸೋತೆ ಅನ್ನಿಸ್ಬೇಕಾದ ಸಬ್ಮಿಷನ್ ಮ್ಯಾಚು, ಕೆನ್ ಶ್ಯಾಮ್‌ರಾಕ್ ರೆಫ್ರಿ. ನನ್ನ ಪ್ರಕಾರ ಇದಕ್ಕಿಂತ ಮೇಲಿನ ಮ್ಯಾಚಿಲ್ಲ, ಯಾರು ಏನೇ ಹೇಳ್ಲಿ. ಬ್ರೆಟ್ ಹೀರೋ ಆಗಿ ಒಳಗೆ ಬಂದು ವಿಲನ್ ಆಗಿ ಹೊರಗೆ ಹೋದ, ಆಸ್ಟಿನ್ ವಿಲನ್ ಆಗಿ ಬಂದು ಜನರ ಮನುಷ್ಯ ಆಗಿ ಹೋದ, ಅದೂ ಸೋತು! ಕಾಲು ಮಡಚಿ ಬೆನ್ನು ಬಗ್ಗಿಸೋ ಶಾರ್ಪ್‌ಶೂಟರ್ ಹಿಡಿತದಲ್ಲಿ ಸಿಕ್ಕಾಕ್ಕೊಂಡು, ಹಣೆಯಿಂದ ರಕ್ತ ಇಳಿದು ಹಲ್ಲಿನ ಸಂದಿ ಎಲ್ಲಾ ಕೆಂಪಾಗಿ, ಎರಡು ಕೈ ಊರಿ ಮೇಲಕ್ಕೆ ಎದ್ದು ಕಿರುಚ್ತಾನಲ್ಲ, ಆ ಒಂದು ಶಾಟು. ಒಂದ್ಸಲ ಹಿಡಿತ ಬಿಡಿಸ್ಕೊಂಡೇಬಿಟ್ಟ ಅನ್ನಿಸ್ತದೆ, ಮತ್ತೆ ಬ್ರೆಟ್ ಕೂತ್ಕೊಂಡು ಬಿಗಿ ಮಾಡ್ತಾನೆ. ಕೊನೇವರ್ಗೂ ಸೋತೆ ಅನ್ನಲ್ಲ, ಪ್ರಜ್ಞೆ ತಪ್ತಾನೆ, ರೆಫ್ರಿನೇ ನಿಲ್ಲಿಸ್ಬೇಕಾಗುತ್ತೆ. ಬೆಲ್ ಆದ್ಮೇಲೂ ಬ್ರೆಟ್ ಹೊಡೀತಾನೇ ಇರ್ತಾನೆ, ಶ್ಯಾಮ್‌ರಾಕ್ ಬಂದು ಸೊಂಟ ಹಿಡಿದು ಎತ್ತಿ ಎಸೀತಾನೆ. ಆಸ್ಟಿನ್ ಯಾರ ಕೈನೂ ಹಿಡಿಯದೆ ಕುಂಟ್ಕೊಂಡು ಒಬ್ಬನೇ ನಡ್ಕೊಂಡು ಹೋಗ್ತಾನೆ.

ಇದನ್ನ ನೋಡ್ತಿದ್ದಾಗ ಅಪ್ಪ ಹಿಂದೆ ಕುರ್ಚೀಲಿ ಕೂತಿದ್ರು. ನಮ್ಮೂರು ಗುಬ್ಬಿ ಕಡೆ, ಅಪ್ಪ ವಯಸ್ಸಲ್ಲಿದ್ದಾಗ ಹಬ್ಬಕ್ಕೆ ಆಡೋ ಕುರುಕ್ಷೇತ್ರದಲ್ಲಿ ದುರ್ಯೋಧನನ ಪಾರ್ಟು ಮಾಡ್ತಿದ್ರು, ಆ ಪಾರ್ಟಿಗೆ ಎಲ್ಲರಿಗಿಂತ ಜಾಸ್ತಿ ದುಡ್ಡು ಹಾಕ್ಬೇಕಾಗ್ತಿತ್ತು, ಆದ್ರೂ ಬಿಡ್ತಿರ್ಲಿಲ್ಲ. ಮ್ಯಾಚ್ ಮುಗಿಯೋತನಕ ಸುಮ್ನಿದ್ದು ಆಮೇಲೆ ಅಂದ್ರು, ಭೀಮನ ಪಾರ್ಟು ಯಾರ್ ಬೇಕಾದ್ರೂ ಮಾಡ್ಬೋದು ಕಣ್ಲಾ, ಗದೆ ಬೀಸಿದ್ರೆ ಆಯ್ತು, ಅದು ರಟ್ಟಿನ ಗದೆ, ತೊಡೆ ಮುರಿಸ್ಕೊಂಡು ಬೀಳೋನು ಸರಿಯಾಗಿ ಬಿದ್ರೇನೆ ಅದಕ್ಕೆ ತೂಕ ಬರೋದು ಅಂತ.

ನಾನು ಅಲ್ಲೇ ಪೆನ್ನು ತಗೊಂಡು ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಪೆಟ್ಟು ಬಿದ್ದು ನೋವಾದಂಗೆ ತೋರಿಸೋದಕ್ಕೆ ಕುಸ್ತೀಲಿ ಸೆಲ್ಲಿಂಗ್ ಅಂತಾರೆ, ಇಷ್ಟು ವರ್ಷ ನಾನು ಸೆಲ್ಲಿಂಗ್ ಸೆಲ್ಲಿಂಗ್ ಅಂತ ಫ್ರೆಂಡ್ಸ್ ಹತ್ರ ಗಂಟಲು ಹರ್ಕೊಂಡಿದ್ದನ್ನ ಅಪ್ಪ ಒಂದೇ ಮಾತಲ್ಲಿ ಮುಗಿಸಿದ್ರು. ಆಫೀಸಲ್ಲಿ ಈಗ್ಲೂ ಒಬ್ರಲ್ಲ ಒಬ್ರು ಕೇಳ್ತಾರೆ, ಎಲ್ಲಾ ಮೊದಲೇ ಮಾತಾಡ್ಕೊಂಡು ಮಾಡೋದಲ್ವಾ, ಏನು ನೋಡ್ತೀಯ ಅಂತ. ಹೌದು, ಯಾರು ಗೆಲ್ತಾರೆ ಅಂತ ಮೊದಲೇ ತೀರ್ಮಾನ ಆಗಿರುತ್ತೆ. ಕುರುಕ್ಷೇತ್ರದಲ್ಲಿ ಯಾರು ಗೆಲ್ತಾರೆ ಅಂತ ಊರಿಗೆಲ್ಲಾ ಗೊತ್ತಿಲ್ವಾ, ಆದ್ರೂ ಕಂಬಳಿ ಹೊದ್ಕೊಂಡು ಬೆಳಗಾಗೋವರ್ಗೂ ಕೂತಿರ್ತಾರಲ್ಲ, ದುರ್ಯೋಧನ ಬಿದ್ದಾಗ ಹೆಂಗಸ್ರು ಕಣ್ಣೊರೆಸ್ಕೊಳ್ತಾರಲ್ಲ. ಗುಬ್ಬಿ ವೀರಣ್ಣೋರು ಹುಟ್ಟಿದ ಜಿಲ್ಲೇಲಿ ಕೂತ್ಕೊಂಡು ಇದನ್ನ ಯಾಕೆ ನೋಡ್ತೀಯ ಅಂತ ಯಾರೂ ಕೇಳ್ಬಾರ್ದು.

ಆಸ್ಟಿನ್‌ಗೆ ಬೀಳೋದು 18, ಮೈಕು 20. ಬ್ರೆಟ್‌ಗೆ ಹೊಡೆಯೋದು 20, ಬೀಳೋದು 19, ಮೈಕು 13 ಅಷ್ಟೇ.

ಕಾರ್ಡ್ 14, ಮಿಕ್ ಫೋಲಿ

ಇವನ ಕಾರ್ಡು ನನ್ನ ನಾಲ್ಕು ದಿನ ತಿಂತು. 1998ರ ಜೂನ್ 28, ಪಿಟ್ಸ್‌ಬರ್ಗು, ಹೆಲ್ ಇನ್ ಎ ಸೆಲ್, ರಿಂಗಿಗೇ ಪಂಜರ ಹಾಕಿ ಆಡೋ ಮ್ಯಾಚು. ಎದುರಾಳಿ ಅಂಡರ್‌ಟೇಕರ್ ಪಂಜರದ ಮೇಲಿಂದ ಫೋಲಿನ ತಳ್ತಾನೆ, 16 ಅಡಿ ಕೆಳಗೆ ಕಾಮೆಂಟ್ರಿ ಟೇಬಲ್ ಪುಡಿ. ಸ್ಟ್ರೆಚರಲ್ಲಿ ಕರ್ಕೊಂಡು ಹೋಗ್ತಿದ್ರೆ ಎದ್ದು ವಾಪಸ್ ಹತ್ತುತಾನೆ. ಆಮೇಲೆ ಕತ್ತು ಹಿಡಿದು ಎತ್ತಿ ಬೀಳಿಸೋ ಚೋಕ್‌ಸ್ಲ್ಯಾಮ್‌ಗೆ ಪಂಜರದ ಮೇಲಿನ ಜಾಲರಿನೇ ಕಿತ್ಕೊಂಡು ಒಳಗೆ ಬೀಳ್ತಾನೆ, ಅದು ಪ್ಲ್ಯಾನಲ್ಲಿ ಇರ್ಲೇ ಇಲ್ಲ, ಕುರ್ಚಿ ಬೇರೆ ಜೊತೇಲಿ ಮುಖದ ಮೇಲೆ ಬೀಳುತ್ತೆ. ಹಲ್ಲು ಮುರಿದು ಮೂಗಿಗೆ ಸೇರಿತ್ತು ಅಂತಾರಲ್ಲ, ಆ ಸ್ಥಿತೀಲಿ ಕ್ಯಾಮೆರಾ ನೋಡಿ ನಗ್ತಾನೆ.

ಬೀಳೋದಕ್ಕೆ ಎಲ್ಲರೂ 20ಕ್ಕೆ 20 ಹಾಕು ಅಂದ್ರು. ನಾನು 16 ಹಾಕಿದೀನಿ. ನನಗೆ ಫೋಲಿ ಮೇಲೆ ಇರೋ ಗೌರವ ಅಷ್ಟಿಷ್ಟಲ್ಲ, ಮೈಕು 20, ಕಥೆ 20 ಕೊಟ್ಟಿದೀನಿ. ಆದ್ರೆ ಬೀಳೋದು ಅಂದ್ರೆ ನೋವಾದಂಗೆ ಕಾಣ್ಬೇಕು, ಮನುಷ್ಯ ನಾಳೆ ಬೆಳಿಗ್ಗೆ ಎದ್ದು ಮಕ್ಕಳನ್ನ ಎತ್ಕೊಳ್ಳಂಗಿರ್ಬೇಕು. ನಿಜವಾಗ್ಲೂ ಮುರಿಸ್ಕೊಳ್ಳೋದಕ್ಕೆ ಫುಲ್ ಮಾರ್ಕ್ಸ್ ಕೊಟ್ರೆ ಆಡೋ ಹುಡುಗನಿಗೆ ನಾನು ಏನು ಹೇಳ್ಕೊಟ್ಟಂಗಾಯ್ತು. ಆ ಮ್ಯಾಚ್ ಆಗಿ ಒಂದು ವರ್ಷ ಕೂಡ ಆಗಿರ್ಲಿಲ್ಲ, 1999ರ ಮೇ 23ರಲ್ಲಿ ಓವನ್ ಹಾರ್ಟ್ ಎಂಟ್ರಿಗೆ ಅಂತ ಮೇಲಿಂದ ಹಗ್ಗದಲ್ಲಿ ಇಳಿಯೋವಾಗ ಬಿದ್ದು ತೀರ್ಕೊಂಡ. ಓವನ್ ಕಾರ್ಡು ನಾಲ್ಕನೇ ಶೀಟಲ್ಲಿ ಬರುತ್ತೆ, 1994ರಲ್ಲಿ ಅಣ್ಣ ಬ್ರೆಟ್‌ನ ಪಿನ್ ಮಾಡಿದ (ಮೂರು ಎಣಿಸೋವರ್ಗೂ ಭುಜ ನೆಲಕ್ಕೆ ಒತ್ತಿ ಗೆಲ್ಲೋದು) ರೆಸಲ್‌ಮೇನಿಯಾ 10ರ ಮ್ಯಾಚಿಗೆ, ನಗ್ತಿರೋ ಮುಖ ಬರೀತೀನಿ.

ಕುಸ್ತಿಯೋನು ಕ್ರಿಸ್ ಬೆನ್ವಾ ಕಾರ್ಡ್ ಯಾಕಿಲ್ಲ ಅಂತ ಇಬ್ರು ಕೇಳಿದ್ರಿ. ರಿಂಗಲ್ಲಿ ಅವನ ಕೆಲಸ ಏನು ಅಂತ ನನಗೂ ಗೊತ್ತು. 2007ರ ಜೂನಲ್ಲಿ ಹೆಂಡತಿ ಮಗನ್ನ ಕೊಂದವನ ಚಿತ್ರ ಮಕ್ಕಳು ಆಡೋ ಕಾರ್ಡಲ್ಲಿ ನಾನು ಬರೆಯಲ್ಲ.

ಕಾರ್ಡ್ 17, ದಿ ಗ್ರೇಟ್ ಖಲಿ

ಮನೇಲಿ ದೊಡ್ಡ ಗಲಾಟೆ ಆಗಿದ್ದು ಇಲ್ಲೇ. ಮಾಮ, ನಮ್ ಇಂಡಿಯಾದವನು, ನೀನೇ ಹಿಂಗೆ ಮಾರ್ಕ್ಸ್ ಕಟ್ ಮಾಡಿದ್ರೆ ಹೆಂಗೆ ಅಂತ ಹುಡುಗ ಮುಖ ಊದಿಸ್ಕೊಂಡ. ಹಳೇ ಕಾರ್ಡಾಗಿದ್ರೆ 7 ಅಡಿ 1 ಇಂಚಲ್ಲಿ ಖಲಿ ಎಲ್ಲರನ್ನೂ ನುಂಗ್ತಿದ್ದ. ಹಿಮಾಚಲದ ಹಳ್ಳಿಯಿಂದ ಬಂದು ಪಂಜಾಬ್ ಪೊಲೀಸಲ್ಲಿದ್ದು, 2006ರಲ್ಲಿ ಬಂದವನೇ ಅಂಡರ್‌ಟೇಕರ್ ಮೇಲೆ ಬಿದ್ದು, ಜಡ್ಜ್‌ಮೆಂಟ್ ಡೇ ಅನ್ನೋ ಶೋಲಿ ಅವನನ್ನ ಸೋಲಿಸಿ, 2007ರ ಜುಲೈಲಿ 20 ಜನ ಒಟ್ಟಿಗೆ ಆಡೋ ಬ್ಯಾಟಲ್ ರಾಯಲ್ ಗೆದ್ದು ವರ್ಲ್ಡ್ ಹೆವಿವೇಟ್ ಚಾಂಪಿಯನ್ ಬೆಲ್ಟ್ ಎತ್ತಿದ. ಆ ಬೆಲ್ಟ್ ಎತ್ತಿದಾಗ ನಮ್ಮ ಬೀದೀಲಿ ಹುಡುಗ್ರೆಲ್ಲಾ ಹೊರಗೆ ಬಂದು ಕೂಗಿದ್ವಿ, ನಾನೂ ಕೂಗಿದ್ದೆ. ಅದಕ್ಕೇ ಎಂಟ್ರಿ 18, ಕಥೆ 16. ಆದ್ರೆ ಬೀಳೋದು 5. ಮ್ಯಾಚುಗಳನ್ನ ಮತ್ತೆ ಕೂತು ನೋಡ್ದೆ, ಎದುರಿಗಿರೋನು ಅಷ್ಟು ಓಡಾಡಿ ಹೊಡೆದ್ರೂ ಇವನ ಮೈಯಲ್ಲಿ ಪೆಟ್ಟು ಬಿದ್ದಿದ್ದೇ ಗೊತ್ತಾಗಲ್ಲ. ಅಭಿಮಾನ ಇದೆ ಅಂತ ಸುಳ್ಳು ಮಾರ್ಕ್ಸ್ ಹಾಕಿದ್ರೆ ಈ ಡೆಕ್ ಮಾಡಿದ್ದೇ ವೇಸ್ಟು.

ಸಮಾಧಾನ ಮಾಡಕ್ಕೆ ಅವನಿಗೆ ಎಡ್ಡಿ ಗೆರೆರೋ ಹಾಕಿ ತೋರಿಸ್ದೆ, ಅದು ಕಾರ್ಡ್ 18. ರೆಫ್ರಿ ಆ ಕಡೆ ತಿರುಗಿರ್ತಾನೆ, ಎಡ್ಡಿ ಕುರ್ಚಿನ ಎದುರಾಳಿ ಕೈಗೆ ಎಸೆದು ತಾನೇ ದಬ್ ಅಂತ ಮಲಕ್ಕೊಂಡು ತಲೆ ಹಿಡ್ಕೊಂಡು ಒದ್ದಾಡ್ತಾನೆ, ರೆಫ್ರಿ ತಿರುಗಿ ನೋಡಿದ್ರೆ ಕುರ್ಚಿ ಇನ್ನೊಬ್ಬನ ಕೈಯಲ್ಲಿ! ಹುಡುಗ ಹಾಸಿಗೆ ಮೇಲೆ ಬಿದ್ದು ನಕ್ಕ, ಮೂರು ಸಲ ರಿವೈಂಡ್ ಮಾಡಿಸ್ದ. ಆಮೇಲೆ 2004ರ ಮಾರ್ಚ್ 14, ರೆಸಲ್‌ಮೇನಿಯಾ 20, ಕರ್ಟ್ ಆಂಗಲ್ ಜೊತೆ. ಆಂಗಲ್ ಕಾಲಿನ ಗೆಣ್ಣು ಹಿಡ್ಕೊಂಡು ತಿರುಚ್ತಾನೆ, ಎಡ್ಡಿ ಅದಕ್ಕೂ ಮುಂಚೆನೇ ಬೂಟಿನ ಲೇಸು ಸಡಿಲ ಮಾಡ್ಕೊಂಡಿರ್ತಾನೆ, ಬೂಟು ಆಂಗಲ್ ಕೈಯಲ್ಲೇ ಕಳಚ್ಕೊಂಡು ಬರುತ್ತೆ, ಅವನು ಬೂಟ್ ನೋಡೋ ಅಷ್ಟರಲ್ಲಿ ಸುತ್ತಿ ಪಿನ್. ಅದಕ್ಕೂ ಒಂದು ತಿಂಗಳ ಹಿಂದೆ ಬ್ರಾಕ್ ಲೆಸ್ನರ್‌ನ ಸೋಲಿಸಿ ಬೆಲ್ಟ್ ಗೆದ್ದು ಜನರ ಮಧ್ಯ ಹಾರಿದ್ದ. 2005ರ ನವೆಂಬರಲ್ಲಿ 38ನೇ ವಯಸ್ಸಿಗೇ ಹೋಗ್ಬಿಟ್ಟ. ಇಡೀ ಡೆಕ್ಕಲ್ಲಿ ಇಲ್ಲಿವರ್ಗೂ ಬೀಳೋದಕ್ಕೆ 20 ಬಂದಿರೋದು ಎಡ್ಡಿ ಒಬ್ಬನಿಗೇ.

ಕಾರ್ಡ್ 20, ಲೀಟಾ

ಅಕ್ಕ ಹಾಕಿಸಿದ ಕಾರ್ಡು. ನಿಮ್ ಡೆಕ್ಕಲ್ಲಿ ಬರೀ ಗಂಡಸರೇ ಯಾಕೋ ಅಂತ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂತಾ ತರಾಟೆಗೆ ತಗೊಂಡ್ಳು, ಸರಿಯಾಗೇ ಕೇಳಿದ್ಳು. 2004ರ ಡಿಸೆಂಬರ್ 6, ವಾರಕ್ಕೊಮ್ಮೆ ಬರೋ ರಾ ಶೋದ ಎಪಿಸೋಡು, ಲೀಟಾ ಮತ್ತೆ ಟ್ರಿಶ್ ಸ್ಟ್ರಾಟಸ್ ಮೇನ್ ಇವೆಂಟು. ರಿಂಗಿನ ಒಳಗಿಂದ ಹೊರಗೆ ಹಾರೋವಾಗ ಲೀಟಾ ಕುತ್ತಿಗೆ ಮಡಚ್ಕೊಂಡು ಬೀಳ್ತಾಳೆ, ನೋಡಿದ್ರೆ ಈಗ್ಲೂ ಎದೆ ಝಲ್ ಅನ್ನುತ್ತೆ, ಅದಾದ್ಮೇಲೂ ಮೇಲಿಂದ ಹಿಂದಕ್ಕೆ ಪಲ್ಟಿ ಹೊಡೆದು ಬೀಳೋ ಮೂನ್‌ಸಾಲ್ಟ್ ಹಾಕಿ ಗೆಲ್ತಾಳೆ. ಟ್ರಿಶ್‌ದು 21, ಬೆಕಿ ಲಿಂಚ್‌ದು 22. ಬೆಕಿ ಕಾರ್ಡಲ್ಲಿ 2019ರ ರೆಸಲ್‌ಮೇನಿಯಾ 35 ಇದೆ, ಹೆಂಗಸರು ಮೊದಲನೇ ಸಲ ಅಲ್ಲಿ ಕೊನೇ ಮ್ಯಾಚ್ ಆಡಿದ್ದು.

ಪ್ರಿಂಟಿಂದು

ಎರಡನೇ ಶೀಟು ಹಾಳಾಯ್ತು. ಟೌನಲ್ಲಿ ಒಂದು ಅಂಗಡೀಲಿ ಎರಡೂ ಕಡೆ ಪ್ರಿಂಟ್ ಹಾಕಿಸ್ದೆ, ಹಿಂದಿನ ಡಿಸೈನು ಮೂರು ಮಿಲಿಮೀಟರ್ ಸರ್ಕೊಂಡ್ಬಿಟ್ಟಿದೆ, ಕಟ್ ಮಾಡಿದ್ರೆ ಒಂದು ಕಡೆ ಬಿಳಿ ಪಟ್ಟಿ. ಹಿಂದಗಡೆಯಿಂದ್ಲೇ ಯಾವ ಕಾರ್ಡು ಅಂತ ಗುರ್ತು ಸಿಕ್ರೆ ಆಟ ಮುಗೀತು. ಈಗ ಹಿಂದೆ ಬಾರ್ಡರ್ ತೆಗೆದ್ಬಿಟ್ಟು ಇಡೀ ಶೀಟಿಗೆ ಒಂದೇ ಗೆರೆ ಡಿಸೈನು ಹಾಕಿದೀನಿ, ಎಷ್ಟು ಸರಿದ್ರೂ ಗೊತ್ತಾಗಲ್ಲ. ಮೂಲೆ ರೌಂಡ್ ಮಾಡಕ್ಕೆ ಕಾರ್ನರ್ ಪಂಚ್ ತಗೊಂಡೆ, ಲ್ಯಾಮಿನೇಷನ್ ಬೇಡ ಅಂತ ಬಿಟ್ಟೆ, ಕಲೆಸೋವಾಗ ಜಾರುತ್ತೆ.

ಕಾರ್ಡ್ 24, ಅಂಡರ್‌ಟೇಕರ್, ಇನ್ನೂ ಆಗಿಲ್ಲ

ಚಿಕ್ಕೋನಿದ್ದಾಗ ಅವನು ಏಳು ಸಲ ಸತ್ತು ಎದ್ದು ಬಂದಿದಾನೆ ಅಂತ ಸ್ಕೂಲಲ್ಲಿ ಹೇಳ್ತಿದ್ರು, ನಾನು ಪೂರ್ತಿ ನಂಬಿದ್ದೆ. ಎಂಟ್ರಿ 20 ಅಂತ ಯಾವ ಮ್ಯಾಚೂ ನೋಡದೆ ಹಾಕ್ಬೋದಿತ್ತು, ರೂಲು ರೂಲೇ ಅಂತ ನೋಡಿ ಹಾಕ್ದೆ. ಘಂಟೆ ಹೊಡೆದು ಲೈಟು ಹೋದಾಗ ನಮ್ಮ ಮೂಡಲಪಾಯ ಬಯಲಾಟದಲ್ಲಿ ತೆರೆ ಹಿಂದೆ ರಾಕ್ಷಸ ವೇಷ ಕುಣೀತಾ ಬರೋದೇ ನೆನಪಾಗುತ್ತೆ, ಮುಖ ತೋರಿಸೋಕ್ ಮುಂಚೆನೇ ಮಕ್ಕಳು ಅಮ್ಮನ ಸೆರಗು ಹಿಡ್ಕೊಂಡಿರ್ತಾರೆ.

ಆದ್ರೆ ಕಾರ್ಡಿಗೆ ಯಾವ ಮುಖ? 2014ರ ಏಪ್ರಿಲಲ್ಲಿ, ನಮಗೆ ಸೋಮವಾರ ಬೆಳಿಗ್ಗೆ, ರೆಸಲ್‌ಮೇನಿಯಾದಲ್ಲಿ 21 ಸಲ ಗೆದ್ದು ಒಂದ್ಸಲವೂ ಸೋಲದೋನು ಲೆಸ್ನರ್ ಕೈಲಿ ಸೋತು 21-1 ಅಂತ ಸ್ಕ್ರೀನಲ್ಲಿ ಬಂದಾಗ ನಾನು ಕಾಫಿ ಲೋಟ ಹಿಡ್ಕೊಂಡು ಹಂಗೇ ನಿಂತಿದ್ದೆ, ಆರಿಹೋಯ್ತು. ಅದನ್ನ ಬರೆಯಕ್ಕೆ ಮನಸ್ಸಿಲ್ಲ, ಆ ಗೆಲುವು ಲೆಸ್ನರ್‌ಗೆ ಬೇಕಿರ್ಲಿಲ್ಲ, ಬೆಳೀತಿರೋ ಹುಡುಗನಿಗೆ ಕೊಡ್ಬೇಕಿತ್ತು ಅಂತ ಇವತ್ತಿಗೂ ಹೇಳ್ತೀನಿ. ನನಗೆ ಬೇಕಿರೋದು 2009ರ ಏಪ್ರಿಲ್ 5, ಹ್ಯೂಸ್ಟನ್, ಶಾನ್ ಮೈಕಲ್ಸ್ ಜೊತೆ ಆಡಿದ್ದು. ಅರ್ಧ ಗಂಟೆ ದಾಟಿದ ಮ್ಯಾಚು. ತಲೆಕೆಳಗಾಗಿ ಎತ್ತಿ ನೆಲಕ್ಕೆ ಕುಕ್ಕೋ ಟೂಂಬ್‌ಸ್ಟೋನ್ ಹಾಕಿ, ಮೈಕಲ್ಸ್ ಕೈ ಎರಡನ್ನೂ ಎದೆ ಮೇಲೆ ಮಡಚಿ ಪಿನ್ ಮಾಡ್ತಾನೆ, ಒಂದು, ಎರಡು, ಮೈಕಲ್ಸ್ ಭುಜ ಎತ್ಬಿಡ್ತಾನೆ. ಆಗ ಅಂಡರ್‌ಟೇಕರ್ ಮುಖ ನೋಡ್ಬೇಕು. ಇಷ್ಟು ವರ್ಷ ಬೇರೆಯೋರನ್ನ ಹೆದರಿಸಿದ ಕಣ್ಣೇ ಹೆದರ್ಕೊಂಡಿರ್ತದೆ, ಬಾಯಿ ಅರ್ಧ ತೆರೆದಿದೆ, ಒದ್ದೆ ಕೂದಲು ಕೆನ್ನೆಗೆ ಅಂಟಿದೆ. ಹೊಡೆದವನ ಮುಖದಲ್ಲಿ ಬಿದ್ದವನ ಶಕ್ತಿ ಕಾಣುತ್ತೆ. ಅಪ್ಪಂಗೂ ವಿಡಿಯೋ ನಿಲ್ಲಿಸಿ ತೋರಿಸ್ದೆ, ಇದನ್ನೇ ಬರಿ ಅಂದ್ರು.

ಕೂದಲು ಬಂತು, ಬಾಯಿ ಬಂತು, ಕಣ್ಣು ಬರ್ತಿಲ್ಲ. ದೊಡ್ಡದು ಮಾಡಿದ್ರೆ ಕೋಪ ಆಗ್ತದೆ, ಚಿಕ್ಕದು ಮಾಡಿದ್ರೆ ನಿದ್ದೆ ಬಂದಂಗಾಗ್ತದೆ. ನಾಲ್ಕು ಸಲ ಅಳಿಸಿ ಪೇಪರ್ ತೆಳ್ಳಗಾಗಿದೆ, ನಾಳೆ ಹೊಸ ಹಾಳೇಲಿ ಮೊದಲು ಕಣ್ಣೇ ಬರ್ಕೊಂಡು ಆಮೇಲೆ ಸುತ್ತಲಿನ ಮುಖ ಕೂರಿಸ್ತೀನಿ. ಅದು ಮುಗಿದ್ರೆ ಭಾನುವಾರ ಮೈಕಲ್ಸ್ ಶುರು.