ಎಳ್ಳಮಾಸಿಗೆ ಬಂದ ಡಬ್ಬಿ

ನಮ್ಮವ್ವ ಫೋನನ್ನು ತಂಬಿಗೆಯೊಳಗಿಟ್ಟು ಹಾಡು ಕೇಳುತ್ತಿದ್ದಳು. ಸ್ಟೀಲಿನ ತಂಬಿಗೆ, ಅದರೊಳಗೆ ತಲೆಕೆಳಗಾದ ಫೋನು. ತತ್ವಪದ ಹಾಡುವವರ ದನಿ ಬಾವಿಯೊಳಗಿಂದ ಬಂದಂತೆ ಗುಂಯ್ ಎನ್ನುತ್ತಿತ್ತು. ತಂಬಿಗೆಗೆ ಒಪ್ಪಿದ ಸ್ವರ ಮಾತ್ರ ದಪ್ಪಗಾಗುತ್ತದೆ, ಉಳಿದದ್ದು ಕಲಸಿಹೋಗುತ್ತದೆ. ಏಕತಾರಿ ಕೇಳುತ್ತದೆ, ಪದದ ಮಾತು ತಿಳಿಯುವುದಿಲ್ಲ. ‘ಮಾತು ನನಗ ಬಾಯಿಪಾಠ ಅದ, ಬಿಡು’ ಎನ್ನುತ್ತಿದ್ದಳು.

ಒಬ್ಬಳೇ ಒಲೆ ಮುಂದೆ ಕೂತಾಗ ತಂಬಿಗೆ ಸಾಕು. ಎಳ್ಳ ಅಮಾವಾಸ್ಯೆ ಹತ್ತಿರ ಬಂದರೆ ಸಾಲದು. ಕಲಬುರಗಿಯ ಕಡೆ ನಾವು ಅದಕ್ಕೆ ಎಳ್ಳಮಾಸಿ ಎನ್ನುತ್ತೇವೆ. ಹಬ್ಬಕ್ಕೆ ಮೂರ್ನಾಲ್ಕು ದಿನ ಇರುವಾಗಲೇ ಓಣಿಯ ಹೆಂಗಸರು ಯಾರದಾದರೂ ಒಬ್ಬರ ಮನೆಯಲ್ಲಿ ಸೇರಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿಯಲು ಕೂರುತ್ತಾರೆ. ಐದು ಜೋಡಿ ಕೈ ಒಮ್ಮೆಗೇ ಬಡಿಯತೊಡಗಿದರೆ ಪಕ್ಕದವರ ಮಾತೂ ಕೇಳುವುದಿಲ್ಲ, ತಂಬಿಗೆಯೊಳಗಿನ ಪಾಪದ ಫೋನು ಎಲ್ಲಿಂದ ಕೇಳಬೇಕು? ಹೋದ ವರ್ಷ ರೊಟ್ಟಿ ಬಡಿಯುತ್ತಲೇ ಅವ್ವ ಹೇಳಿದ್ದಳು: ‘ಆ ಹುಡುಗರು ಬೈಕಿನ ಮ್ಯಾಲ ಹಚ್ಚಿಕೊಂಡು ಹೋಗ್ತಾವಲ್ಲ, ಅಂಥದೊಂದು ಡಬ್ಬಿ ತಂದುಕೊಡು.’

ಹಬ್ಬಕ್ಕೆ ವಾರ ಇರುವಾಗ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಗೆ ಹೋದೆ. ಮೊಬೈಲ್ ಸಾಮಾನಿನ ಸಣ್ಣ ದುಕಾನು. ಅಂಗಡಿಯವನು ಅಂಗೈ ಅಗಲದ, ನಳಿಗೆಯಂಥ ಒಂದು ಸ್ಪೀಕರ್ ತೆಗೆದು ಮೇಜಿನ ಮೇಲಿಟ್ಟ. ನಾನು ಬೆಲೆ ಕೇಳುವ ಮೊದಲೇ ಕುಡಿಯುವ ನೀರಿನ ಬಾಟಲಿ ಬಿಚ್ಚಿ ಅದರ ನೆತ್ತಿಗೆ ಸುರಿದ. ಹಾಡು ನಿಲ್ಲಲಿಲ್ಲ. ‘ಕುಛ್ ನೈ ಹೋತಾ ಸಾಬ್. ಬಕೀಟಿನ್ಯಾಗ ಮುಳುಗಿಸ್ರಿ, ಏನೂ ಆಗಂಗಿಲ್ಲ’ ಎಂದ. ಸಾವಿರದ ಆರುನೂರು ರೂಪಾಯಿ. ಡಬ್ಬದ ಮೇಲೆ ಹತ್ತು ತಾಸು ಬ್ಯಾಟರಿ, ಹತ್ತು ಮೀಟರ್ ದೂರ, ಐಪಿಎಕ್ಸ್7, ಕರೆ ಮಾತಾಡಲು ಒಳಗೇ ಮೈಕು, ಹೀಗೆ ಬರೆದಿತ್ತು. ಬರೆದದ್ದರಲ್ಲಿ ಸುಳ್ಳು ಇರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೈಕಿನ ಸಾಲನ್ನು ನಾನು ಓದಿದೆ, ಮರೆತೆ.

ಮನೆಗೆ ತಂದು ಗುಂಡಿ ಒತ್ತಿದರೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಏನೋ ಅಂದಳು. ‘ಏನಂತಾಳ ಆಕಿ?’ ಎಂದಳು ಅವ್ವ. ಫೋನು ಜೋಡಿಸು ಅಂತಾಳ ಎಂದೆ. ಏಳನೆಯ ತರಗತಿಯ ಮಗಳು ಬ್ಲೂಟೂತ್ ಅಂದರೆ ನೀಲಿ ಹಲ್ಲಾ ಎಂದು ಕೇಳಿದಳು. ಹೌದು, ಹತ್ತನೆಯ ಶತಮಾನದ ಡೆನ್ಮಾರ್ಕಿನ ರಾಜ ಹರಾಲ್ಡನ ಅಡ್ಡಹೆಸರು ಅದು. ಸತ್ತ ಹಲ್ಲೊಂದು ನೀಲಿಗಟ್ಟಿತ್ತು ಎನ್ನುತ್ತಾರೆ. ಒಡೆದ ಜನರನ್ನು ಕೂಡಿಸಿದ ರಾಜ, ಯಂತ್ರಗಳನ್ನು ಕೂಡಿಸುವ ವಿದ್ಯೆಗೂ ಅವನ ಹೆಸರೇ ಇರಲಿ ಎಂದು 1997ರ ಸುಮಾರಿಗೆ ಎಂಜಿನಿಯರುಗಳು ಇಟ್ಟರು. ಆ ಗುರುತೂ ಅವನ ಹೆಸರಿನ ಎರಡು ಹಳೆಯ ಅಕ್ಷರಗಳನ್ನು ಹೆಣೆದದ್ದು. ನಲವತ್ತು ವರ್ಷದಿಂದ ಹಲ್ಲಿಗೆ ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ಹಚ್ಚುವ ಅವ್ವ ಇದನ್ನೆಲ್ಲ ಕೇಳಿ, ‘ಹಂಗಾದರ ನನ್ನ ಹೆಸರಿಲೆ ಕರಿಹಲ್ಲಿನ ಡಬ್ಬಿ ಮಾಡ್ರಿ’ ಎಂದಳು.

ರೊಟ್ಟಿ ಬಡಿಯುವ ದಿನ ಡಬ್ಬಿಯನ್ನು ನಡುವೆ ಪರಸಿಯ ಮೇಲೆ ಇಟ್ಟೆವು. ನಮ್ಮದು ಹಳೆಯ ಮನೆ, ನೆಲಕ್ಕೆ ಶಹಾಬಾದಿನ ಕಲ್ಲು, ಗೋಡೆಗೂ ಕಲ್ಲೇ. ಗೋಡೆ ಮೂಲೆಗೆ ಸರಿಸಿದಾಗ ಅಂಗೈ ಅಗಲದ ಯಂತ್ರದಿಂದ ದಮ್ಮಡಿಯ ಪೆಟ್ಟು ಎದೆಗೆ ತಾಕುವಷ್ಟು ಬಂತು. ಹೆಂಗಸರ ಕೈ ತಾನಾಗಿ ಆ ತಾಳಕ್ಕೆ ಬಿತ್ತು. ಆಮೇಲೆ ಒಬ್ಬ ಅತ್ತಿ ಬೆರಳು ತೋರಿಸಿ ಕೂಗಿದಳು: ‘ಅಯ್ಯ, ಹಿಟ್ಟು ಕುಣೀಲತ್ತದ ನೋಡ್ರೇ!’

ನಿಜಕ್ಕೂ ಕುಣಿಯುತ್ತಿತ್ತು. ಆ ನಳಿಗೆಯ ಎರಡೂ ತುದಿಗೆ ರಬ್ಬರಿನ ಬಿಲ್ಲೆ ಇರುತ್ತದೆ. ಅದಕ್ಕೆ ವೈರಿಲ್ಲ, ಆಯಸ್ಕಾಂತವಿಲ್ಲ. ಒಳಗಿನ ಅಸಲು ಸ್ಪೀಕರ್ ಹಿಂದಕ್ಕೂ ಮುಂದಕ್ಕೂ ಆಡಿದಾಗ ಮುಚ್ಚಿದ ಡಬ್ಬಿಯೊಳಗಿನ ಗಾಳಿ ಈ ಬಿಲ್ಲೆಯನ್ನು ನೂಕುತ್ತದೆ, ಎಳೆಯುತ್ತದೆ. ಸಣ್ಣ ಸ್ಪೀಕರಿಗೆ ದಪ್ಪ ಸ್ವರ ಕೊಡುವಷ್ಟು ಗಾಳಿ ಅಲುಗಿಸಲು ಆಗುವುದಿಲ್ಲ, ಆ ಕೊರತೆಯನ್ನು ತುಂಬುವುದು ಈ ಬಿಲ್ಲೆಗಳು. ಸಜ್ಜಿ ಹಿಟ್ಟಿನ ಪುಡಿ ಅದರ ಮೇಲೆ ಕೂತು ಪೆಟ್ಟಿಗೊಮ್ಮೆ ಚಿಮ್ಮುತ್ತಿತ್ತು. ಅದುರಿಗೆ ಡಬ್ಬಿಯೂ ನುಣುಪು ಕಲ್ಲಿನ ಮೇಲೆ ಇರುವೆಯಂತೆ ಸರಿಯುತ್ತಾ ಹಿಟ್ಟಿನ ಪರಾತದ ಕಡೆ ಹೊರಟಿತ್ತು. ಎರಡು ಸಲ ಹಿಡಿದು ಹಿಂದಕ್ಕಿಟ್ಟರು, ಮೂರನೆಯ ಸಲ ಯಾರೂ ನೋಡಲಿಲ್ಲ. ಪರಾತಕ್ಕೆ ಮೂತಿ ಇಟ್ಟಿತು.

ನೀರಿಗೆ ಹೆದರದ ಡಬ್ಬಿಗೆ ಹಿಟ್ಟೇನು ಮಾಡೀತು ಎಂದು ನಾನು ನಿಶ್ಚಿಂತೆಯಿಂದಿದ್ದೆ. ಆ ಸಂಜೆ ದನಿ ಶೀತವಾದವರಂತೆ ಆಯಿತು. ಆಗ ಐಪಿಎಕ್ಸ್7 ಎಂದರೇನೆಂದು ಕೂತು ಓದಿದೆ. ಕೊನೆಯ ಅಂಕಿ ನೀರಿನದು, 7 ಅಂದರೆ ಒಂದು ಮೀಟರ್ ನೀರಿನಲ್ಲಿ ಮೂವತ್ತು ನಿಮಿಷ ಇದ್ದರೂ ಕೆಡುವುದಿಲ್ಲ. ಅದರ ಮೊದಲಿನ ಜಾಗ ಧೂಳಿನದು. ಅಲ್ಲಿ ಎಕ್ಸ್ ಇದ್ದರೆ ಧೂಳಿನ ಪರೀಕ್ಷೆಯ ಅಂಕ ಇಲ್ಲ ಎಂದರ್ಥ. ನಮ್ಮ ಊರಲ್ಲಿ ಯಾರು ಸ್ಪೀಕರನ್ನು ಒಂದು ಮೀಟರ್ ನೀರಿಗೆ ಒಯ್ಯುತ್ತಾರೆ? ಬೇಸಿಗೆಯಲ್ಲಿ ನಲ್ಲಿಗೆ ಅಷ್ಟು ನೀರು ಬಂದರೆ ನಾವೇ ಇಳಿಯುತ್ತೇವೆ. ಇಲ್ಲಿ ಇರುವುದು ಧೂಳು, ತೊಗರಿ ಹೊಟ್ಟು, ಹಿಟ್ಟು. ಮಗಳು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಟ್ಟೆಯ ಜಾಳಿಗೆಯನ್ನು ಅರ್ಧ ತಾಸು ಉಜ್ಜಿದಳು. ನೀರಲ್ಲಿ ತೊಳಿ ಎಂದಳು ಅವ್ವ. ಹಿಟ್ಟಿಗೆ ನೀರು ಬಿದ್ದರೆ ಏನಾಗುತ್ತದೆ ಎಂದು ರೊಟ್ಟಿ ಬಡಿಯುವವಳಿಗೇ ಹೇಳಬೇಕಾಯಿತು. ದನಿ ಮುಕ್ಕಾಲು ಪಾಲು ವಾಪಸು ಬಂತು.

ಅಮಾಸಿಯ ದಿನ ಆಳಂದ ರಸ್ತೆಯ ನಮ್ಮೂರಿಗೆ ಹೋದೆವು. ಹೊಲ ನೋಡಿಕೊಳ್ಳುವವನು ಕಾಕಾ. ಬಿಳಿಜೋಳ ಮೊಣಕಾಲು ದಾಟಿತ್ತು, ತೊಗರಿ ಆಳೆತ್ತರ ನಿಂತಿತ್ತು. ಐದು ಕಲ್ಲು ಇಟ್ಟು, ಸುಣ್ಣ ಕುಂಕುಮ ಹಚ್ಚಿ, ಪಾಂಡವರ ಪೂಜೆ ಮುಗಿಸಿ ಕಾಕಾ ಹೊಲದ ಸುತ್ತ ಚರಗ ಚೆಲ್ಲಿ ಬಂದ. ಗಿಡದ ನೆರಳಿಗೆ ಚಾದರ ಹಾಸಿ ಎಲ್ಲರೂ ಊಟಕ್ಕೆ ಕೂತರು: ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಕಡಬು, ತಂಬಿಗೆಯಲ್ಲಿ ಅಂಬಲಿ. ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹೊಲದ ಎಲ್ಲ ಕಾಳು, ಎಲ್ಲ ಸೊಪ್ಪು ಒಂದೇ ಪಾತ್ರೆಯಲ್ಲಿ ಬೆಂದು ಒಂದಾದದ್ದು. ಅದರ ಬಗ್ಗೆ ಬರೆಯತೊಡಗಿದರೆ ಡಬ್ಬಿ ಮರೆತುಹೋಗುತ್ತದೆ.

ಡಬ್ಬಿ ಹೊಲದಲ್ಲಿ ಸೋತಿತು. ಮನೆಯಲ್ಲಿ ಎದೆಗೆ ತಾಕಿದ್ದ ದಮ್ಮಡಿ ಇಲ್ಲಿ ಹತ್ತು ಹೆಜ್ಜೆಯಾಚೆ ಸೊಳ್ಳೆಯ ಗುಂಯ್‌ಗುಡುವಿಕೆ. ಬಯಲಲ್ಲಿ ದೂರ ಎರಡರಷ್ಟಾದಂತೆಲ್ಲ ಸದ್ದು ಆರು ಡೆಸಿಬೆಲ್ ಇಳಿಯುತ್ತದೆ. ಮರಳಿಸಲು ಶಹಾಬಾದಿನ ಗೋಡೆಯೂ ಇಲ್ಲ. ಪೂರ್ತಿ ದನಿ ಏರಿಸಿದೆವು. ಹತ್ತು ತಾಸು ಎನ್ನುವುದು ಅರ್ಧ ದನಿಯ ಲೆಕ್ಕ. ಆ ಮಧ್ಯಾಹ್ನ ಮೂರು ತಾಸಿಗೇ ಕೆಂಪು ದೀಪ ಮಿಣುಕಿತು. ಅವ್ವನ ಫೋನಿಗೆ ಅಲ್ಲಿ ನೆಟ್‌ವರ್ಕ್ ಬೇರೆ ಇರಲಿಲ್ಲ. ಕಾಕಾನ ಮೆಮೊರಿ ಕಾರ್ಡಿನಲ್ಲಿ ಪದಗಳು ತುಂಬಿದ್ದವು, ಅವನ ಕಂಪನಿಯ ಸಿಮ್ಮಿಗೆ ಸಿಗ್ನಲ್ಲೂ ಇತ್ತು. ಅದನ್ನೇ ಜೋಡಿಸಿದೆವು. ಅವನು ಫೋನನ್ನು ಅಂಗಿಯ ಕಿಸೆಯಲ್ಲಿಟ್ಟು ತಿರುಗಿ ಕೂತಾಗಲೆಲ್ಲ ಹಾಡು ಹರಿದುಹೋಗುತ್ತಿತ್ತು. ಬ್ಲೂಟೂತಿನ ಅಲೆ 2.4 ಗಿಗಾಹರ್ಟ್ಸ್‌ನದು, ನೀರಿರುವ ಮೈ ಅದನ್ನು ನುಂಗುತ್ತದೆ. ಮನೆಯೊಳಗಾದರೆ ಗೋಡೆಗೆ ಬಡಿದು ಬಳಸಿ ಬರುತ್ತದೆ, ಬಯಲಲ್ಲಿ ಅದೂ ಇಲ್ಲ. ‘ಕಾಕಾ, ನಿನ್ನ ಹೊಟ್ಟಿ ಅಡ್ಡ ಬರ್ಲತ್ತದ’ ಎಂದು ಮಗಳು ನಕ್ಕಳು. ಅವನು ಎದ್ದುಹೋಗಿ, ಸುಮಾರು ಇಪ್ಪತ್ತು ಅಡಿ ದೂರ ನಿಂತಿದ್ದ ಬೈಕಿನ ಚೀಲದಲ್ಲಿ ಫೋನಿಟ್ಟು ಬಂದ. ಹಾಡು ಸರಿಯಾಯಿತು.

ಎರಡನೆಯ ರೊಟ್ಟಿ ನಡೆದಿತ್ತು. ಪದ ಅರ್ಧಕ್ಕೆ ನಿಂತಿತು. ಏನೋ ಟ್ರಿಂ ಅಂತು, ಗಲಾಟೆಯಲ್ಲಿ ಯಾರಿಗೂ ಕೇಳಲಿಲ್ಲ. ಪದ ನಿಂತಿದೆ ಎಂದುಕೊಂಡ ಮಗಳು ನಡುವಿನ ಗುಂಡಿ ಒತ್ತಿದಳು. ಹಾಡು ಶುರು ಮಾಡುವ ಗುಂಡಿಯೇ ಕರೆ ಎತ್ತುವ ಗುಂಡಿ ಎಂದು ಡಬ್ಬದ ಮೇಲೆ ಎಲ್ಲೋ ಬರೆದಿದ್ದಿರಬೇಕು.

‘ಮಾನ್ಯ ಗ್ರಾಹಕರೇ’ ಎಂದಿತು ಡಬ್ಬಿ, ಪೂರ್ತಿ ದನಿಯಲ್ಲಿ. ರೆಕಾರ್ಡು ಮಾಡಿದ ಹೆಂಗಸಿನ ಮಾತು, ಸ್ವಚ್ಛ ಪುಸ್ತಕದ ಕನ್ನಡ. ತಾವು ಅಡವಿಟ್ಟ ಚಿನ್ನಾಭರಣಗಳ ಸಾಲದ ಅವಧಿ ಈ ತಿಂಗಳು ಮುಗಿಯುತ್ತಿದೆ, ಬಡ್ಡಿ ಪಾವತಿಸಿ ನವೀಕರಿಸಿ, ಇಲ್ಲವಾದರೆ ಹರಾಜು. ಕಾಕಾ ಬೈಕಿನ ಕಡೆ ಓಡಿದ. ಮಾತು ಚಾದರದ ನಡುವೆ, ಫೋನು ಚೀಲದೊಳಗೆ, ಚೀಲದ ಜಿಪ್ಪು ಹತ್ತಿಕೊಂಡಿತ್ತು. ಅವನು ಅಲ್ಲಿ ಜಿಪ್ಪು ಎಳೆಯುತ್ತಿದ್ದಾಗ ಇಲ್ಲಿ ಆ ಹೆಂಗಸು ಅದನ್ನೇ ಎರಡನೆಯ ಸಲ ಹೇಳತೊಡಗಿದಳು. ನಾನು ಡಬ್ಬಿ ಎತ್ತಿ ಬಂದ್ ಮಾಡುವ ಗುಂಡಿ ಒತ್ತಿ ಹಿಡಿದೆ. ಅದು ಬಂದ್ ಆಗಲು ಎರಡು ಮೂರು ಸೆಕೆಂಡು ಬೇಕು. ಅಷ್ಟರಲ್ಲಿ ‘ಹರಾಜು’ ಇನ್ನೊಮ್ಮೆ ಬಂತು.

ಕಾಕಾನ ಹೆಂಡತಿ ಸಣ್ಣವ್ವ ರೊಟ್ಟಿಯ ಮೇಲೆ ಭಜ್ಜಿ ಹಚ್ಚುತ್ತಿದ್ದವಳು ಹಚ್ಚಿ ಮುಗಿಸಿದಳು. ಅವಳ ಪಾಟಲಿ, ಗುಂಡಿನ ಸರ ಎಲ್ಲ ಶಹರದ ಬ್ಯಾಂಕಿನ ಲಾಕರಿನಲ್ಲಿವೆ ಎಂದು ನಮಗೆಲ್ಲ ಗೊತ್ತಿತ್ತು. ಅವಳಿಗೂ ಅಷ್ಟೇ ಗೊತ್ತಿತ್ತು.

‘ನೆಟೆ ಬಿದ್ದ ವರ್ಷಾನ?’ ಎಂದು ಕೇಳಿದಳು.

ಕಾಕಾ ಫೋನು ಹಿಡಿದು ಬಂದು ನಿಂತಿದ್ದ. ಹೂಂ ಎಂದ. 2022ರಲ್ಲಿ ನಮ್ಮ ಜಿಲ್ಲೆಯ ತೊಗರಿ ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗಕ್ಕೆ ನಿಂತಲ್ಲೇ ಒಣಗಿತ್ತು. ಆ ವರ್ಷ ಗೊಬ್ಬರದ ಬಾಕಿ ಹೇಗೆ ತೀರಿಸಿದೆ ಎಂದು ನಾನೂ ಅವನನ್ನು ಕೇಳಿರಲಿಲ್ಲ.

‘ಕೇಳಿದ್ದರ ನಾನೇ ತೆಗೆದು ಕೊಡತಿದ್ದೆನಲ್ರಿ’ ಎಂದಳು ಸಣ್ಣವ್ವ. ರೊಟ್ಟಿಯನ್ನು ಅವನ ತಾಟಿಗೆ ಹಾಕಿದಳು. ‘ಉಣ್ಣರಿ.’

ಅವ್ವ ತೊಗರಿ ಕಾಯಿ ಹೇಗಿದೆ ನೋಡಿ ಬರುತ್ತೇನೆಂದು ಎದ್ದಳು. ಊಟದ ನಡುವೆ ಎದ್ದವಳಲ್ಲ ಅವಳು.

ಸಂಜೆ ಹೊರಡುವಾಗ ಮಗಳು ಡಬ್ಬಿಯನ್ನು ಚೀಲಕ್ಕೆ ಹಾಕುತ್ತಿದ್ದಳು. ಸಣ್ಣವ್ವ ತಡೆದಳು. ‘ಯವ್ವಾ, ಅದು ಇಲ್ಲೇ ಇರಲಿ. ಚಾರ್ಜ್ ಮಾಡೋ ವೈರು ಕೊಟ್ಟು ಹೋಗು.’ ನಾನು ಅವಳ ಫೋನಿಗೆ ಜೋಡಿಸಿ ಕೊಡಲೇ ಎಂದೆ.

‘ಬ್ಯಾಡ. ಅವರ ಫೋನಿಗೇ ಇರಲಿ’ ಎಂದಳು.

ಕಾಕಾ ಬೈಕು ಒರೆಸುತ್ತಿದ್ದ.

ಅವ್ವನಿಗೆ ಮತ್ತೊಂದು ತರಬೇಕಾಯಿತು. ಅದೇ ದುಕಾನಿಗೆ ಹೋಗಿ ಈ ಸಲ ಐಪಿ67 ಇರುವುದನ್ನು ಕೇಳಿದೆ, 6 ಅಂದರೆ ಧೂಳು ಒಳಗೆ ಹೋಗದು. ಆರುನೂರು ಹೆಚ್ಚಿಗೆ. ಅಂಗಡಿಯವನು ಡಬ್ಬಿಯನ್ನು ಮೇಜಿನ ಮೇಲಿಟ್ಟು, ರೂಢಿಯಂತೆ ನೀರಿನ ಬಾಟಲಿಗೆ ಕೈ ಹಾಕಿದ.

‘ನೀರು ಬ್ಯಾಡ್ರಿ’ ಎಂದೆ. ‘ಸಜ್ಜಿ ಹಿಟ್ಟು ಅದ ಏನ್ರಿ?’