ನಗೋಯಾಕ ಹೊಂಟೀರಾ? ಕಚ್ರಾ ವಿಷಯ ತಿಳ್ಕೊಂಡು ಹೋಗ್ರಿ

ನಮ್ಮ ಓಣಿ ಹುಡುಗಿ ಒಬ್ಬಾಕಿ ಮುಂದಿನ ತಿಂಗಳ ಜಪಾನಿನ ನಗೋಯಾಕ ಹೊಂಟಾಳ, ಕಾರಿನ ಪಾರ್ಟ್ಸ್ ಡಿಸೈನ್ ಮಾಡೋ ಕಂಪನ್ಯಾಗ ಕೆಲಸ ಸಿಕ್ಕದ. ಅವರವ್ವ ಈಗಿಂದಾನೇ ಜ್ವಾಳದ ಹಿಟ್ಟು, ತೊಗರಿ ಬ್ಯಾಳಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಎಲ್ಲಾ ಕಟ್ಲಕತ್ತಾರ. ನಾ ಅಲ್ಲಿ ಕೆಲವು ವರ್ಷ ಇದ್ದು ಕಲಬುರಗಿಗಿ ವಾಪಸ್ ಬಂದಾಕಿ, ಅದಕ್ಕ ನನ್ನ ಕಡಿ ಬಂದು ಅಕ್ಕಾ ಥಂಡಿ ಹ್ಯಾಂಗ ಇರ್ತದ್ರಿ, ಬಾಡಿಗಿ ಎಷ್ಟಾಗ್ತದ್ರಿ, ಭಾಷಾ ಬರ್ಲಿಲ್ಲಂದ್ರ ನಡೀತದೇನ್ರಿ ಅಂತ ಎಲ್ಲಾ ಕೇಳಿದ್ಲು. ಕಚ್ರಾ ಹ್ಯಾಂಗ ಹೊರಗ ಹಾಕೋದು ಅಂತ ಮಾತ್ರ ಕೇಳ್ಲಿಲ್ಲ. ಯಾರೂ ಕೇಳಂಗಿಲ್ಲ. ಖರೇ ಹೇಳ್ಬೇಕಂದ್ರ ಹೊಸದಾಗಿ ಹೋದವರಿಗಿ ಆಜೂಬಾಜೂ ಮಂದಿ ಜೊತಿ ಮೊದಲ್ನೇ ಸಂಬಂಧ ಬರೋದೇ ಕಚ್ರಾದ ಮ್ಯಾಲ, ಹಿಂಗಾಗಿ ಆಕಿಗಿ ಹೇಳಿದ್ದೆಲ್ಲಾ ಇಲ್ಲೂ ಬರೀಲಕತ್ತೀನಿ.

ಅಡ್ರೆಸ್ ರಿಜಿಸ್ಟರ್ ಮಾಡ್ಸಲಾಕ ವಾರ್ಡ್ ಆಫೀಸಿಗಿ ಹೋಗ್ತೀರಲ್ಲ, ಅಲ್ಲೇ ಕಚ್ರಾದ ಪುಸ್ತಕ ಕೇಳಿ ತಗೋರಿ, ಇಂಗ್ಲಿಷ್‌ದಾಗೂ ಸಿಗ್ತದ. ನಗೋಯಾದಾಗ ಯಾವ್ದರೆ ಕ್ಯಾರಿಬ್ಯಾಗಿನಾಗ ತುಂಬಿ ಇಟ್ರ ನಡಿಯಂಗಿಲ್ಲ, ಸಿಟಿಯವರು ಹೇಳಿದ ಬ್ಯಾಗೇ ಆಗ್ಬೇಕು. ಸುಡೋ ಕಚ್ರಾಕ ಕೆಂಪು ಅಕ್ಷರದ ಬ್ಯಾಗು, ಸುಡಲಾರದ್ದಕ್ಕ ಹಸಿರು ಅಕ್ಷರದ್ದು, ರಿಸೈಕಲ್ ಆಗೋದಕ್ಕ ನೀಲಿ ಅಕ್ಷರದ್ದು, ಸೂಪರ್ ಮಾರ್ಕೆಟ್‌ದಾಗ ಸಿಗ್ತಾವ. ಸುಡೋದು ವಾರಕ್ಕ ಎರಡು ಸಲ ಒಯ್ತಾರ, ಪ್ಲಾಸ್ಟಿಕ್ ವಾರಕ್ಕೊಮ್ಮಿ, ಸುಡಲಾರದ್ದು ತಿಂಗಳಿಗೊಮ್ಮಿ, ಆ ದಿನ ತಪ್ತು ಅಂದ್ರ ಮುಂದಿನ ತಿಂಗಳ ತನಕ ಮನ್ಯಾಗೇ ಇಟ್ಕೋಬೇಕು. ಮುಂಜಾನಿ 8 ಗಂಟೆ ಒಳಗ ಇಡಬೇಕು. ಹಿಂದಿನ ರಾತ್ರಿನೇ ಇಟ್ರ ನಡೀತದಲ್ಲ ಅಂತ ನಮ್ಮವರು ಕೇಳ್ತಾರ, ಬ್ಯಾಡ್ರಿ, ಅಲ್ಲಿ ಕಾಗಿ ಭಾಳ, ಬ್ಯಾಗು ಹರದು ರಸ್ತಾ ತುಂಬ ಚೆಲ್ತಾವ, ಕಾಗಿ ಸಲುವಾಗೇ ಬ್ಯಾಗಿನ ಮ್ಯಾಲ ಬಲಿ ಹೊಚ್ಚಿರ್ತಾರ, ನೀವೂ ಬ್ಯಾಗು ಇಟ್ಟ ಮ್ಯಾಲ ಬಲಿ ಸರಿ ಮಾಡಿ ಬರ್ರಿ. ಒಳಗ ಬ್ಯಾರೆ ಬ್ಯಾರೆ ಕಲಸಿದ್ರ ಗಾಡಿಯವರು ಒಂದು ಸ್ಟಿಕರ್ ಹಚ್ಚಿ ಅಲ್ಲೇ ಬಿಟ್ಟು ಹೋಗ್ತಾರ. ಯಾರೂ ಜಗಳಾ ಮಾಡಂಗಿಲ್ಲ, ಬ್ಯಾಗು ಮಾತ್ರ ಎಲ್ಲರ ಕಣ್ಣಿಗಿ ಬೀಳೋ ಹಂಗ ಅಲ್ಲೇ ಕುಂತಿರ್ತದ.

ನೀರಿನ ಬಾಟ್ಲಿ ಇದ್ರ ಮುಚ್ಚಳ ತಗದು, ಲೇಬಲ್ ಕಿತ್ತು, ಒಳಗ ಗಲಬರಿಸಿ, ಚಪ್ಪಟಿ ಮಾಡಬೇಕು, ಮುಚ್ಚಳ ಲೇಬಲ್ ಎರಡೂ ಪ್ಲಾಸ್ಟಿಕ್ ಬ್ಯಾಗಿಗಿ. ಹಾಲಿನ ಡಬ್ಬಿ ಕಾಗದದ್ದು ಇರ್ತದ, ತೊಳದು ಕತ್ತರಿಸಿ ಬಿಡಿಸಿ ಒಣಗ್ಸಬೇಕು, ಸೂಪರ್ ಮಾರ್ಕೆಟ್ ಬಾಗಲದಾಗ ಅದಕ್ಕಂತನೇ ಡಬ್ಬಾ ಇಟ್ಟಿರ್ತಾರ. ಒಡದ ಗ್ಲಾಸ್ ಪೇಪರಿನಾಗ ಸುತ್ತಿ ಮ್ಯಾಲ ಡೇಂಜರ್ ಅಂತ ಬರೀಬೇಕು, ಎತ್ತೋ ಮನುಷ್ಯಾನ ಕೈ ಕೊಯ್ಬಾರ್ದಂತ. ಇದು ನಂಗ ಭಾಳ ಮನಸಿಗಿ ಹತ್ತಿದ ಮಾತು. ನಮ್ ಕಡಿ ಕಚ್ರಾ ಆರಿಸೋ ಅಕ್ಕಂದಿರ ಕೈ ನೋಡ್ರಿ ಒಮ್ಮಿ, ಬ್ಲೇಡು, ಬಲ್ಬಿನ ಚೂರು, ಇಂಜೆಕ್ಷನ್ ಸೂಜಿ ಎಲ್ಲಾ ಅದ್ರಾಗೇ ಇರ್ತಾವ.

ಇದೆಲ್ಲಾ ಕೇಳಿ ಆ ಹುಡುಗಿ ಅವ್ವ ಅಂದ್ರು, ಅವರ ರಕ್ತದಾಗೇ ಅದ ಬಿಡವ್ವ, ನಮ್ ಮಂದಿಗಿ ಆಗಂಗಿಲ್ಲ ಅಂತ. ಕಾಕು, ಹಂಗಿಲ್ರಿ ಅಂದೆ. ಯಾಕಂದ್ರ ನಗೋಯಾ ಮಂದಿ ಇದನ್ನ ಕಲ್ತು ಭಾಳ ವರ್ಷ ಏನೂ ಆಗಿಲ್ಲ. 1990ರ ದಶಕದ ಕೊನಿಗಿ ಆ ಊರಿಂದೂ ವರ್ಷಕ್ಕ ಸುಮಾರು 10 ಲಕ್ಷ ಟನ್ ಕಚ್ರಾ, ಬಾಜೂ ಗಿಫು ಪ್ರಾಂತ್ಯದ ತಾಜಿಮಿ ಅನ್ನೋ ಊರಾಗ ಒಯ್ದು ಹುಗೀತಿದ್ರು, ಆ ಜಾಗಾ ತುಂಬ್ಲಾಕ ಬಂತು. ಆವಾಗ ಸಿಟಿಯವರು ಬಂದರದ ಹಂತೇಲಿ ಫುಜಿಮಾಯೆ ಅಂತ ಒಂದು ಕೆಸರು ಬಯಲು ಅದ, ಸಮುದ್ರದ ನೀರು ಇಳದಾಗ ಕಾಣ್ತದ, ಅದನ್ನೇ ತುಂಬಿ ಕಚ್ರಾ ಹಾಕೋಣ ಅಂತ ಪ್ಲಾನ್ ಮಾಡಿದ್ರು. ಆದ್ರ ಸೈಬೀರಿಯಾದಿಂದ ಆಸ್ಟ್ರೇಲಿಯಾ ಕಡಿ ಹೋಗೋ ಹಕ್ಕಿಗೋಳು ದಾರ್ಯಾಗ ಇಳದು ಹೊಟ್ಟಿ ತುಂಬ್ಸಿಕೊಳ್ಳೋ ಜಾಗಾ ಅದು. ಊರ ಮಂದಿ ವರ್ಷಾನುಗಟ್ಲೆ ವಿರೋಧ ಮಾಡಿದ್ರು, ಆಮ್ಯಾಲ ದೇಶದ ಪರಿಸರ ಇಲಾಖೆನೂ ಬ್ಯಾಡ ಅಂತು, 1999ರ ಜನವರ್ಯಾಗ ಪ್ಲಾನ್ ಕೈಬಿಟ್ರು. ಕಚ್ರಾ ಹಾಕ್ಲಾಕ ಜಾಗಾ ಇಲ್ಲ! ಮುಂದಿನ ತಿಂಗಳೇ, ಫೆಬ್ರವರ್ಯಾಗ, ಸಿಟಿ ಕಚ್ರಾ ಎಮರ್ಜೆನ್ಸಿ ಅಂತ ಘೋಷಣಾ ಮಾಡ್ತು, ಎರಡು ವರ್ಷದಾಗ 20 ಪರ್ಸೆಂಟ್ ಕಡಿಮಿ ಮಾಡೋಣ ಅಂತ.

ಓಣಿ ಓಣಿಗಿ ಹೋಗಿ ಮೀಟಿಂಗ್ ಮಾಡಿದ್ರು, ಮಂದಿ ಬೈದ್ರು, ಇಷ್ಟೆಲ್ಲಾ ಯಾರ್ ಮಾಡ್ತಾರ ಅಂದ್ರು, 2000ದ ಆಗಸ್ಟ್‌ದಿಂದ ಪ್ಲಾಸ್ಟಿಕ್ ಮತ್ತ ಕಾಗದದ ಪ್ಯಾಕಿಂಗ್ ಬ್ಯಾರೆ ಮಾಡೋದು ಶುರು ಆದಾಗ ಗೊಂದಲಾನೂ ಭಾಳ ಆಯ್ತು. ಆದ್ರೂ ಎರಡು ವರ್ಷದಾಗ 20 ಪರ್ಸೆಂಟಕ್ಕಿಂತ ಹೆಚ್ಚೇ ಕಡಿಮಿ ಆಯ್ತು, 20 ಲಕ್ಷದ ಮ್ಯಾಲ ಮಂದಿ ಇರೋ ಊರದು. 2002ರ ನವೆಂಬರ್‌ದಾಗ ಫುಜಿಮಾಯೆ ರಾಮ್ಸಾರ್ ಪಟ್ಟಿಗಿ, ಅಂದ್ರ ಜಗತ್ತಿನ ಮಹತ್ವದ ಜವುಗು ಜಾಗಾಗಳ ಪಟ್ಟಿಗಿ ಸೇರ್ತು. ಹೊಸದಾಗಿ ಹೋದವರು ಒಂದು ರವಿವಾರ ಅಲ್ಲಿಗಿ ಹೋಗಿ ಹಕ್ಕಿ ನೋಡಿ ಬರ್ರಿ, ಬಾಟ್ಲಿ ಲೇಬಲ್ ಯಾಕ ಕೀಳ್ಬೇಕು ಅನ್ನೋದು ಪುಸ್ತಕಕ್ಕಿಂತ ಛಲೋ ತಿಳೀತದ. ನಮ್ಮ ಕಲಬುರಗಿ ಕಚ್ರಾನೂ ಉದನೂರ ಕಡಿ ಹೋಗ್ತದ, ಅಲ್ಲೂ ಮಂದಿ ಇದ್ದಾರ, ಹೊಲ ಅದಾವ, ನಮ್ ಮನಿಯಿಂದ ಹೋಯ್ತಂದ್ರ ಮುಗೀತು ಅಂತ ಅನ್ಕೊಳ್ಳೋದು ನಾವು ಬಿಡ್ಬೇಕ್ರಿ.

ಇನ್ನ ನಮ್ಮ ಅಡಗಿಮನಿ ಕಥಿ. ಹಿಂಡಿ ಪಾಕೀಟು ಎಣ್ಣಿ ಎಣ್ಣಿ ಇರ್ತದ, ಜರಾ ಒರಸಿ ತೊಳದ್ರ ಪ್ಲಾಸ್ಟಿಕ್‌ಗಿ ಹೋಗ್ತದ, ತೊಳದ್ರೂ ಹೋಗಲಿಲ್ಲಂದ್ರ ಕೆಂಪು ಅಕ್ಷರದ ಬ್ಯಾಗಿಗಿ ಹಾಕ್ರಿ, ಅದು ತಪ್ಪಲ್ಲ. ಮಿರ್ಚಿ ಭಜಿ ಕರದ ಎಣ್ಣಿ ಸಿಂಕಿನಾಗ ಸುರಿಬ್ಯಾಡ್ರಿ, ಎಣ್ಣಿ ಗಟ್ಟಿ ಮಾಡೋ ಪುಡಿ ಅಂಗಡ್ಯಾಗ ಸಿಗ್ತದ, ಇಲ್ಲಂದ್ರ ಹಳೇ ಪೇಪರಿಗಿ ಹೀರ್ಸಿ ಸುಡೋದಕ್ಕ ಹಾಕ್ರಿ. ರೊಟ್ಟಿ ಹಂಚು 30 ಸೆಂಟಿಮೀಟರ್ ಒಳಗ ಇದ್ರ ಸುಡಲಾರದ್ದು, ಅದಕ್ಕಿಂತ ದೊಡ್ಡದಿದ್ರ ದೊಡ್ಡ ಸಾಮಾನಿನ ಲೆಕ್ಕ, ಮೊದ್ಲೇ ಬುಕ್ ಮಾಡಿ ರೊಕ್ಕದ ಸ್ಟಿಕರ್ ಹಚ್ಚಿ ಇಡಬೇಕು. ಮತ್ತ ರೂಲ್ಸ್ ಬದಲಿ ಆಗ್ತಿರ್ತಾವ, 2024ರ ಏಪ್ರಿಲ್‌ದಿಂದ ಪ್ಲಾಸ್ಟಿಕ್ ಬಕೀಟು, ಡಬ್ಬಿ ಹಂತಾವೂ ಪ್ಯಾಕಿಂಗ್ ಪ್ಲಾಸ್ಟಿಕ್ ಜೊತಿಗೇ ತಗೋತಾರ, ಹಿಂಗಾಗಿ ಹಳಬರು ಹೇಳಿದ್ದಕ್ಕಿಂತ ಹೊಸಾ ಪುಸ್ತಕ ನಂಬ್ರಿ. ಬ್ಯಾರೆ ಊರಿಗಿ ಹೋದ್ರ ಅಲ್ಲಿ ಬ್ಯಾರೆ ಕಾಯ್ದೆ, ತೊಕುಶಿಮಾ ಕಡಿ ಕಾಮಿಕಾತ್ಸು ಅನ್ನೋ ಸಣ್ಣ ಊರಾಗಂತೂ 40ಕ್ಕಿಂತ ಹೆಚ್ಚು ಥರ ಬ್ಯಾರೆ ಮಾಡ್ತಾರ.

ಹಳೇ ಫೋನ್, ಕ್ಯಾಮೆರಾ ಇದ್ರ ಅದಕ್ಕೂ ಬ್ಯಾರೆ ಡಬ್ಬಾ ಇರ್ತಾವ. ಹಿಂಗ ದೇಶದ ತುಂಬ ಕೂಡಿಸಿದ ಸಾಮಾನಿನಿಂದ ಸುಮಾರು 32 ಕಿಲೋ ಬಂಗಾರ ತಗದು ಟೋಕಿಯೋ ಒಲಿಂಪಿಕ್ಸ್ ಪದಕ ಮಾಡಿದ್ರು, 2021ರಾಗ ನಮ್ಮ ನೀರಜ್ ಚೋಪ್ರಾ ಗೆದ್ದದ್ದೂ ಅಂಥಾದ್ದೇ ಪದಕ. ಇದನ್ನ ಹೇಳಿದಾಗ ಹುಡುಗಿ ತಮ್ಮ ತನ್ನ ಹಳೇ ಫೋನೂ ಒಯ್ಯಿ ಅಂತ ಕೊಟ್ಟ!

ಆದ್ರ ಒಂದು ವಿಷಯದಾಗ ನಾ ಜಪಾನ್ ಮಾದರಿ ಒಪ್ಪಂಗಿಲ್ಲ. ಅಲ್ಲಿ ಕಾಯಿಪಲ್ಲೆ ಸಿಪ್ಪಿ, ಉಳದ ಅನ್ನ ಎಲ್ಲಾ ಹೆಚ್ಚಾಗಿ ಸುಡೋ ಕಚ್ರಾಕೇ ಹೋಗ್ತದ. ನೀರು ಹಿಂಡಿ ಹಾಕ್ರಿ ಅಂತ ಹೇಳ್ತಾರ, ಹಸಿ ಇದ್ದದ್ದು ಸುಡ್ಲಾಕ ಕಷ್ಟ ಅಲ್ಲೇನು. ಇಷ್ಟೆಲ್ಲಾ ಮಾಡಿದ್ರೂ ದೇಶದ ಲೆಕ್ಕದಾಗ ರಿಸೈಕಲ್ ಆಗೋದು ಸುಮಾರು 20 ಪರ್ಸೆಂಟ್, ಬಾಕಿ ಭಾಳಷ್ಟು ಸುಡೋದೇ. ನಮ್ಮ ಕಲಬುರಗಿ ಬಿಸಲಿಗಿ ಹಸಿ ಕಚ್ರಾ ಸುಡೋದು ಯಾಕ ಬೇಕು, ಜರಾ ನೀರು ಚಿಮುಕಿಸ್ಕೊತ ಮುಚ್ಚಿಟ್ರ ಗೊಬ್ಬರ ಆಗ್ತದ, ಸಿಪ್ಪಿ ದನಾ ತಿಂತಾವ, ರದ್ದಿ ಪೇಪರು, ಕಬ್ಬಣ, ಬಾಟ್ಲಿ ಹಾಕ್ಲಾಕ ಓಣ್ಯಾಗೇ ಗಾಡಿ ಬರ್ತದ. ನಮ್ಮ ದೇಶದ 2016ರ ಕಾಯ್ದೆದಾಗೂ ಹಸಿ, ಒಣ, ಅಪಾಯದ್ದು ಅಂತ ಮೂರು ಬ್ಯಾರೆ ಮಾಡ್ರಿ ಅಂತೇ ಇತ್ತು, 2026ರ ಏಪ್ರಿಲ್‌ದಿಂದ ಅವು ನಾಕು ಆಗ್ಯಾವ. ನಾಕೇ ನಾಕು ಡಬ್ಬಾ.

ಹೋಗೋ ಮಂದಿಗಿ ಕೊನೀ ಮಾತು ಅಂದ್ರ ವಾಪಸ್ ಬರಾಗಿಂದು. ಟಿವಿ, ಫ್ರಿಜ್, ವಾಷಿಂಗ್ ಮಷೀನ್, ಏಸಿ ಈ ನಾಕು 2001ರಾಗ ಜಾರಿಗಿ ಬಂದ ಕಾಯ್ದೆ ಪ್ರಕಾರ ಬ್ಯಾರೆನೇ, ದೊಡ್ಡ ಸಾಮಾನು ಅಂತ ಹೊರಗ ಇಡಂಗಿಲ್ಲ, ಒಯ್ಯಲಾಕ ನೀವೇ ರೊಕ್ಕ ಕೊಡ್ಬೇಕು, ನಮ್ ಕಡಿ ಹಳೇ ಫ್ರಿಜ್ ಕೊಟ್ರ ನಮಗೇ ರೊಕ್ಕ ಬರ್ತದಲ್ಲ, ಅಲ್ಲಿ ಉಲ್ಟಾ. ಅದಕ್ಕೇ ಊರಿಗಿ ಹೊಂಟವರು ಹೊಸದಾಗಿ ಬಂದವರಿಗಿ ಕಮ್ಮಿ ರೊಕ್ಕಕ್ಕ ಇಲ್ಲಾ ಪುಕಟ್ ಕೊಟ್ಟು ಬರ್ತಾರ, ಸಯೋನಾರಾ ಸೇಲ್ ಅಂತಾರ, ಆ ಹುಡುಗಿಗೂ ಫ್ರಿಜ್ ಅಲ್ಲೇ ಹುಡುಕು ಅಂದೀನಿ. ಮಾರ್ಚ್ ಏಪ್ರಿಲ್‌ದಾಗ ಇಡೀ ಜಪಾನ್ ಮನಿ ಬದಲಿ ಮಾಡ್ತಿರ್ತದ, ದೊಡ್ಡ ಸಾಮಾನು ಒಯ್ಯೋ ಬುಕಿಂಗ್ ಲಗೂನ ಸಿಗಂಗಿಲ್ಲ, ಫ್ಲೈಟ್ ಟಿಕೆಟ್ ತಗೊಂಡ ದಿನಾನೇ ಅದನ್ನೂ ಬುಕ್ ಮಾಡ್ರಿ.